ಕಲ್ಪನಾ ಅವರ ರವಿಕೆ ಕೈ, ನನ್ನ ಟ್ರಂಕಿನ ಕಾಗದಗಳು

ಶಿವಮೊಗ್ಗದ ದುರ್ಗಿಗುಡಿಯ ನನ್ನ ಹೊಲಿಗೆ ಅಂಗಡಿಗೆ ಬರುವ ಹುಡುಗಿಯರು ಗೋಡೆ ಮೇಲಿನ ಫೋಟೋ ನೋಡಿ ಕೇಳುತ್ತಾರೆ, "ಇವರು ಯಾರು ಆಂಟಿ?" ಅವರ ಅಮ್ಮಂದಿರು ಕೇಳುವುದಿಲ್ಲ. ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, ಹತ್ತಿರ ಹೋಗಿ ನಿಲ್ಲುತ್ತಾರೆ. "ನಮ್ಮ ಕಲ್ಪನಾ ಅಲ್ವಾ?" ಎನ್ನುತ್ತಾರೆ. ಅಷ್ಟು ಸಾಕು. ಆಮೇಲೆ ಅಳತೆ ತೆಗೆಯುವಷ್ಟರಲ್ಲಿ ಅರ್ಧ ಗಂಟೆ ಮಾತಾಗಿರುತ್ತದೆ. ಯಾವ ಸಿನಿಮಾ ಎಲ್ಲಿ ನೋಡಿದ್ದು, ಯಾರ ಜೊತೆ ಹೋಗಿದ್ದು, ಮನೆಯಲ್ಲಿ ಹೇಳಿ ಹೋಗಿದ್ದಾ ಹೇಳದೆ ಹೋಗಿದ್ದಾ, ಎಲ್ಲಾ ಹೊರಗೆ ಬರುತ್ತದೆ.

ನನ್ನ ಹತ್ತಿರ ಹಳೇ ಕನ್ನಡ ಸಿನಿಮಾದ ನಾಯಕಿ ಕಲ್ಪನಾ ಅವರಿಗೆ ಸಂಬಂಧಪಟ್ಟ ಕಾಗದಗಳು ಒಂದು ಟ್ರಂಕಿನ ತುಂಬ ಇವೆ. ಹಾಡಿನ ಪುಸ್ತಕಗಳು, ಟಾಕೀಸಿನ ಶೋಕೇಸಿನಲ್ಲಿ ಚುಚ್ಚುತ್ತಿದ್ದ ಸ್ಟಿಲ್ಲುಗಳು, ಕರಪತ್ರಗಳು, ವಾರಪತ್ರಿಕೆಗಳಿಂದ ಕತ್ತರಿಸಿದ ಹಾಳೆಗಳು, ಕೆಲವು ರೆಕಾರ್ಡುಗಳು. ಯಾಕೆ ಇಷ್ಟೊಂದು ಜೋಪಾನ ಎಂದು ಮನೆಯವರೂ ಕೇಳುತ್ತಾರೆ, ಹೊರಗಿನವರೂ ಕೇಳುತ್ತಾರೆ. ಬಾಯಲ್ಲಿ ಹೇಳಲು ಹೋದರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಇದು ನನಗೆ ಬಂದದ್ದು ಚಿಕ್ಕಮ್ಮನಿಂದ. ನಮ್ಮದು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿ. ಆಗೆಲ್ಲ ಮಳೆ ಪೂರಾ ಮುಗಿದು ಗದ್ದೆ ಕೊಯ್ಲಾದ ಮೇಲೆ ಟೂರಿಂಗ್ ಟಾಕೀಸಿನವರು ಬಂದು ಟೆಂಟ್ ಹಾಕುತ್ತಿದ್ದರು. ಮಳೆಗಾಲದಲ್ಲಿ ನಮ್ಮ ಕಡೆ ಟೆಂಟ್ ನಿಲ್ಲುವ ಮಾತೇ ಇಲ್ಲ. ಚಿಕ್ಕಮ್ಮ ಪ್ರತಿ ಸಿನಿಮಾಕ್ಕೂ ಹಾಡಿನ ಪುಸ್ತಕ ತಂದೇ ತರುತ್ತಿದ್ದರು. ಅದಕ್ಕೊಂದು ಉಪಯೋಗವೂ ಇತ್ತು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಹೆಂಗಸರೆಲ್ಲ ಮೆಟ್ಟುಗತ್ತಿ ಹಿಡಿದು ಸಾಲಾಗಿ ಕೂತಾಗ ನಿದ್ದೆ ತಡೆಯಲು ಹಾಡು ಬೇಕು. ಯಾರಿಗೂ ಪೂರ್ತಿ ಹಾಡು ಬಾಯಿಗೆ ಬರುತ್ತಿರಲಿಲ್ಲ. ಚಿಕ್ಕಮ್ಮ ಲಾಟೀನಿನ ಹತ್ತಿರ ಪುಸ್ತಕ ಹಿಡಿದು ಸಾಲು ಹೇಳಿಕೊಡುತ್ತಿದ್ದರು, ಉಳಿದವರು ಹಾಡುತ್ತಿದ್ದರು. ಈಗಲೂ ಆ ಪುಸ್ತಕಗಳ ಅಂಚಿನಲ್ಲಿ ಅಡಿಕೆ ತೊಗರಿನ ಕೆಂಪು ಕಲೆ ಇದೆ. ಬೆರಳ ಗುರುತು ಕಾಣುವ ಹಾಗೆ ಇದೆ.

ಹಾಡಿನ ಪುಸ್ತಕ ನೋಡದವರಿಗೆ ಹೇಳುತ್ತೇನೆ. ಅದು ಪುಸ್ತಕ ಅಂದರೆ ಪುಸ್ತಕವಲ್ಲ. ಒಂದು ದೊಡ್ಡ ಹಾಳೆಯನ್ನು ಮಡಚಿ, ನಡುವೆ ಒಂದು ಪಿನ್ನು ಹೊಡೆದದ್ದು. ಅಗ್ಗದ ಕಾಗದ. ಮುಖಪುಟಕ್ಕೆ ಮಾತ್ರ ಎರಡು ಬಣ್ಣ. ಒಳಗೆ ಮೊದಲು ಪಾತ್ರಧಾರಿಗಳ ಪಟ್ಟಿ, ತಂತ್ರಜ್ಞರ ಪಟ್ಟಿ. ಆಮೇಲೆ ಕಥಾಸಾರಾಂಶ. ಈ ಸಾರಾಂಶ ಬರೆಯುವವರು ಕಥೆಯನ್ನು ಸರಿಯಾಗಿ ಕುತ್ತಿಗೆ ಮಟ್ಟಕ್ಕೆ ತಂದು ನಿಲ್ಲಿಸುತ್ತಿದ್ದರು. ನಾಯಕಿಯ ಗತಿ ಏನಾಯಿತು? ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ! ಸಿನಿಮಾ ನೋಡಲು ಕಾಸಿಲ್ಲದವರು ಬರೀ ಪುಸ್ತಕ ಕೊಂಡು, ಉಳಿದ ಕಥೆಯನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು. ನಮ್ಮೂರಲ್ಲಿ ಅಂಥವರು ಜಾಸ್ತಿ ಇದ್ದರು. ಹೀಗೆ ಕಟ್ಟಿದ ಕಥೆಗಳಲ್ಲಿ ಕಲ್ಪನಾ ಯಾವತ್ತೂ ಕೊನೆಗೆ ಸುಖವಾಗಿರುತ್ತಿದ್ದರು. ನಿಜವಾದ ಸಿನಿಮಾ ನೋಡಿ ಬಂದವರು ಬೇರೆಯೇ ಹೇಳಿದರೆ ಜಗಳವಾಗುತ್ತಿತ್ತು.

ಚಿಕ್ಕಮ್ಮ ಆ ಪುಸ್ತಕಗಳನ್ನು ನನಗೆ ಕೊಟ್ಟಾಗ ನಾನು ಹೊಲಿಗೆ ಕಲಿಯುತ್ತಿದ್ದೆ. ನನ್ನ ಕಣ್ಣು ಮುಖದ ಮೇಲೆ ನಿಲ್ಲಲಿಲ್ಲ. ನೇರವಾಗಿ ರವಿಕೆಗೆ ಹೋಯಿತು.

ಕಲ್ಪನಾ ಅವರ ಉದ್ದ ಕೈ ರವಿಕೆ ಗೊತ್ತಲ್ಲ? ಮೊಣಕೈ ದಾಟಿ ಬರುವ ಕೈ. ತುದಿಗೆ ಜರಿ ಅಂಚೋ, ಲೇಸೋ, ನೆರಿಗೆಯೋ ಏನೋ ಒಂದು. ಅದರ ಮೇಲೆ ಸೀರೆಗೆ ಹೊಂದುವ ಬಳೆ, ಬೆರಳಿಗೆ ಕಣ್ಣಿಗೆ ಬೀಳುವಂಥ ಉಂಗುರ. ಅದು ಅವರ ಗುರುತೇ ಆಗಿಬಿಟ್ಟಿತ್ತು. ನಮ್ಮ ತಾಯಂದಿರ ಕಾಲದಲ್ಲಿ ಟೈಲರ್ ಹತ್ತಿರ ಹೋಗಿ "ಕಲ್ಪನಾ ಕೈ ಇಡಿ" ಎಂದರೆ ಸಾಕಿತ್ತು, ಬೇರೆ ವಿವರಣೆ ಬೇಕಿರಲಿಲ್ಲ. ನನ್ನ ಗುರುಗಳಾಗಿದ್ದ ಟೈಲರಮ್ಮ ಹಾಡಿನ ಪುಸ್ತಕವನ್ನು ಮೆಷಿನ್ ಪಕ್ಕ ಇಟ್ಟುಕೊಂಡೇ ಬಟ್ಟೆ ಕತ್ತರಿಸುತ್ತಿದ್ದರು. ಒಂದು ಪುಸ್ತಕದ ಮುಖಪುಟದ ಮೇಲೆ ಸೀಮೆಸುಣ್ಣದಲ್ಲಿ ಅಳತೆ ಬರೆದ ಗುರುತು ಈಗಲೂ ಮಸುಕಾಗಿ ಇದೆ. ಯಾರ ಕೈಯ ಅಳತೆಯೋ. ನಾನು ಅದನ್ನು ಒರೆಸಿಲ್ಲ.

ಟ್ರಂಕಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚಿನದು ಒಂದು ಕಪ್ಪುಬಿಳುಪು ಫೋಟೋ. ಸಿನಿಮಾದ ಸ್ಟಿಲ್ಲಲ್ಲ, ಸ್ಟುಡಿಯೋದಲ್ಲಿ ಕೂತು ತೆಗೆಸಿದ್ದು. ನಾಲ್ಕು ಮೂಲೆಯಲ್ಲೂ ಗುಂಡುಪಿನ್ನಿನ ತೂತು. ಅಂದರೆ ಯಾವುದೋ ಟಾಕೀಸಿನ ಶೋಕೇಸಿನಲ್ಲಿ ಇದ್ದದ್ದು. ಕುರ್ಚಿಯ ಬೆನ್ನಿನ ಮೇಲೆ ಎಡಗೈ ಎತ್ತಿ ಇಟ್ಟಿದ್ದಾರೆ. ಬಲಗೈ ಮಡಿಲಲ್ಲಿದೆ. ನೋಟ ಕ್ಯಾಮೆರಾ ಕಡೆಗಿಲ್ಲ, ಸ್ವಲ್ಪ ಪಕ್ಕಕ್ಕೆ. ಬೇರೆಯವರು ಆ ಕಣ್ಣಿನ ಬಗ್ಗೆ ಮಾತಾಡುತ್ತಾರೆ. ನಾನು ಭೂತಕನ್ನಡಿ ಹಿಡಿದು ನೋಡುವುದು ಎತ್ತಿದ ಕೈಯ ಕಂಕುಳನ್ನು. ಅಲ್ಲಿ ಒಂದು ಸುಕ್ಕೂ ಇಲ್ಲ. ಇದು ಎಷ್ಟು ಕಷ್ಟದ ಕೆಲಸ ಅಂತ ಹೊಲಿಯುವವರಿಗೆ ಗೊತ್ತು. ಕಂಕುಳನ್ನು ಇಳಿಸಿ ಕತ್ತರಿಸಿದರೆ ಕೈ ಎತ್ತಿದ ಕೂಡಲೇ ಇಡೀ ರವಿಕೆ ಮೇಲಕ್ಕೆ ಏಳುತ್ತದೆ. ತೀರಾ ಏರಿಸಿ ಕತ್ತರಿಸಿದರೆ ಹಿಡಿಯುತ್ತದೆ, ಕೈ ಎತ್ತಲು ಆಗುವುದೇ ಇಲ್ಲ. ಏರಿಸಿಯೂ ಇರಬೇಕು, ಕೈಯ ಬುಡದಲ್ಲಿ ಕಣ್ಣಿಗೆ ಕಾಣದಷ್ಟು ಬಟ್ಟೆ ಸಡಿಲವಾಗಿ ಕೂಡಿಸಿಯೂ ಇರಬೇಕು. ಇದನ್ನು ಹೊಲಿದ ಟೈಲರ್‌ಗೆ ಇವರು ಕೈ ಎತ್ತಿ ಅಭಿನಯಿಸುತ್ತಾರೆ ಅಂತ ಗೊತ್ತಿತ್ತು. ಇವರೇ ಹೇಳಿ ಹೊಲಿಸಿಕೊಂಡಿರಬೇಕು ಎಂಬುದು ನನ್ನ ನಂಬಿಕೆ. ಎಡಗೈ ತುದಿಯ ಹೆಮ್ಮಿಂಗಿನಿಂದ ಒಂದು ನೂಲು ಹೊರಗೆ ಬಂದಿದೆ. ಆ ನೂಲು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಯಾರೋ ಒಬ್ಬರು ಕೂತು ಕೈಯಲ್ಲಿ ಹೊಲಿದದ್ದು ಅದು.

ಈ ಫೋಟೋ ಹತ್ತಿರದಿಂದ ನೋಡಿ ನೋಡಿ, ಆಮೇಲೆ ಅವರ ಸಿನಿಮಾ ನೋಡುವ ರೀತಿಯೇ ನನಗೆ ಬದಲಾಯಿತು. ಕಲ್ಪನಾ ಎಂದ ಕೂಡಲೇ ಜನ ಹೇಳುವುದು ಕಣ್ಣು, ಅಳು, ಕಿರುಚಾಟ. "ಓವರ್ ಆಕ್ಟಿಂಗ್ ಅಲ್ವಾ?" ಎಂದು ಈಗಿನವರು ಕೇಳುತ್ತಾರೆ. ನನಗೆ ಆ ಮಾತು ಕೇಳಿದರೆ ನಿಜಕ್ಕೂ ಬೇಜಾರಾಗುತ್ತದೆ. 'ಶರಪಂಜರ'ದ ಕೊನೆಯ ಭಾಗ ಒಂದನ್ನೇ ತುಂಡು ಮಾಡಿ ಮೊಬೈಲಿನಲ್ಲಿ ನೋಡಿದವರು ಹೇಳುವ ಮಾತು ಅದು. ಪೂರ್ತಿ ನೋಡಬೇಕು. ನಾಯಕಿ ಕಾವೇರಿ ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಬಂದ ಮೇಲೆ ಎಲ್ಲರೂ ಅವಳನ್ನೇ ನೋಡುತ್ತಿರುತ್ತಾರೆ. ಅವಳು ಸುಮ್ಮನೆ ಇದ್ದರೂ ಅನುಮಾನ, ನಕ್ಕರೂ ಅನುಮಾನ. ಆ ಹೊತ್ತಿನಲ್ಲಿ ಕಲ್ಪನಾ ತಮ್ಮ ಕೈಗಳನ್ನು ಏನು ಮಾಡುತ್ತಾರೆ ನೋಡಿ. ನಾಲ್ಕು ಜನ ಗಮನಿಸುತ್ತಿದ್ದಾರೆ ಎಂದು ಗೊತ್ತಿರುವ ಹೆಂಗಸು ತನ್ನ ಕೈಯನ್ನು ಎಲ್ಲಿಡಬೇಕು ಅಂತ ತಿಳಿಯದೆ ಸೆರಗು ಹಿಡಿಯುತ್ತಾಳೆ, ಬಿಡುತ್ತಾಳೆ. ನಾನು ದಿನಾ ಹೆಂಗಸರ ಕೈ ಅಳತೆ ತೆಗೆಯುವವಳು. ಮನಸ್ಸಿಗೆ ಕಷ್ಟವಿರುವವರ ತೋಳು ಟೇಪು ಮುಟ್ಟಿದರೆ ಬಿಗಿಯಾಗುತ್ತದೆ. ಅದು ಅವರ ಅಭಿನಯದಲ್ಲಿ ಇದೆ. ಕೊನೆಯ ಕೂಗು ಇಷ್ಟು ಹೊತ್ತು ಹಿಡಿದಿಟ್ಟದ್ದರಿಂದ ಬಂದದ್ದು. ಹಿಡಿದದ್ದನ್ನು ನೋಡದೆ ಬಿಟ್ಟದ್ದನ್ನು ಮಾತ್ರ ನೋಡಿದರೆ ಹೇಗೆ?

ಪುಟ್ಟಣ್ಣ ಕಣಗಾಲರ ಆ ಸಿನಿಮಾ ಬಂದದ್ದು 1971ರಲ್ಲಿ. ಹೆರಿಗೆ ಆದ ಮೇಲೆ ಹೆಂಗಸಿಗೆ ಮಾನಸಿಕ ಕಾಯಿಲೆ ಬರಬಹುದು, ಅದು ಗುಣವೂ ಆಗುತ್ತದೆ ಎಂದು ನಮ್ಮ ಕಡೆ ಆಗ ಯಾರು ಹೇಳುತ್ತಿದ್ದರು? ದೆವ್ವ, ಮಾಟ ಎಂದೇ ಹೇಳುತ್ತಿದ್ದರು. ಗಿರಾಕಿಯೊಬ್ಬರು, ಈಗ ಎಪ್ಪತ್ತು ದಾಟಿದವರು, ನನಗೆ ಒಂದು ಮಾತು ಹೇಳಿದರು. ಆ ಸಿನಿಮಾ ನೋಡಿದ ಮೇಲೆಯೇ ತಮ್ಮ ಅತ್ತೆ ಮನೆಯವರು ತಮ್ಮ ಓರಗಿತ್ತಿಯನ್ನು ಮತ್ತೆ ಮನೆಗೆ ಕರೆದುಕೊಂಡು ಬಂದರಂತೆ. ಅವರೇ ನನಗೆ 'ಶರಪಂಜರ'ದ ಹಾಡಿನ ಪುಸ್ತಕ ಕೊಟ್ಟದ್ದು. ದೇವರ ಮನೆಯ ಗೂಡಿನಲ್ಲಿ, ಪಂಚಾಂಗದ ಕೆಳಗೆ ಇಟ್ಟಿದ್ದರು.

ಇನ್ನೊಂದು ವಿಷಯ ನನಗೆ ಯಾವಾಗಲೂ ಕಾಡುತ್ತದೆ. ಕಲ್ಪನಾ ಅವರಿಗೆ ರಾಜ್ಯ ಪ್ರಶಸ್ತಿ ತಂದುಕೊಟ್ಟ ಮೂರು ಸಿನಿಮಾ, 'ಬೆಳ್ಳಿಮೋಡ', 'ಹಣ್ಣೆಲೆ ಚಿಗುರಿದಾಗ', 'ಶರಪಂಜರ', ಮೂರೂ ತ್ರಿವೇಣಿಯವರ ಕಾದಂಬರಿಗಳು. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಅದೇ ವರ್ಷ ಬಿ.ಆರ್. ಪಂತುಲು ಅವರ 'ಸಾಕು ಮಗಳು' ಬಂತು. ಕಲ್ಪನಾ ಅವರ ಮೊದಲ ಸಿನಿಮಾ. ತಮ್ಮ 'ಬೆಳ್ಳಿಮೋಡ'ದ ಇಂದಿರೆಯನ್ನು, 'ಶರಪಂಜರ'ದ ಕಾವೇರಿಯನ್ನು ಬೆಳ್ಳಿತೆರೆಗೆ ತಂದವರನ್ನು ತ್ರಿವೇಣಿ ಆ ಪಾತ್ರಗಳಲ್ಲಿ ನೋಡಲೇ ಇಲ್ಲ. ಒಬ್ಬರು ಹೋದ ವರ್ಷವೇ ಇನ್ನೊಬ್ಬರು ಬಂದರು. ಕಲ್ಪನಾ ಅಭಿನಯಿಸಿದ ಇನ್ನೊಂದು ಸಿನಿಮಾ 'ಗೆಜ್ಜೆಪೂಜೆ'ಯ ಕಾದಂಬರಿ ಬರೆದ ಎಂ.ಕೆ. ಇಂದಿರಾ ನಮ್ಮ ತೀರ್ಥಹಳ್ಳಿಯವರು. ಊರಲ್ಲಿ ಹಿರಿಯರಿಗೆ ಇದೊಂದು ದೊಡ್ಡ ಹೆಮ್ಮೆ. "ಕಥೆ ನಮ್ಮ ಕಡೆಯದು, ಕಲ್ಪನಾ ಘಟ್ಟದ ಕೆಳಗಿನವರು" ಎಂದು ಚಿಕ್ಕಮ್ಮ ಲೆಕ್ಕ ಹಾಕಿ ಹೇಳುತ್ತಿದ್ದರು. ಕಲ್ಪನಾ ಅವರ ಹುಟ್ಟು ಹೆಸರು ಶರತ್ ಲತಾ ಎಂಬುದೂ ನನಗೆ ಮೊದಲು ಗೊತ್ತಾದದ್ದು ಚಿಕ್ಕಮ್ಮನಿಂದಲೇ.

'ಬೆಳ್ಳಿಮೋಡ' 1967ರದ್ದು. ಮಲೆನಾಡಿನಲ್ಲಿ ಆ ಕಥೆ ಯಾರಿಗೂ ಹೊಸದಲ್ಲ. ತೋಟದ ಒಡೆಯರ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆ ಆಗುವ ಹುಡುಗನ ವಿದೇಶದ ಓದಿಗೆ ಅಪ್ಪನೇ ದುಡ್ಡು ಹಾಕುತ್ತಾರೆ. ಅಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ. ತೋಟಕ್ಕೆ ಬೇರೆ ವಾರಸುದಾರ ಬಂದ ಎಂದು ತಿಳಿದದ್ದೇ ಹುಡುಗ ಒಲ್ಲೆ ಎನ್ನುತ್ತಾನೆ. ಆಮೇಲೆ ಅವನೇ ಮನಸ್ಸು ಬದಲಿಸಿ ಕೇಳಿದಾಗ ಅವಳು ಒಲ್ಲೆ ಎನ್ನುತ್ತಾಳೆ. ಅಡಿಕೆ ತೋಟ, ಕಾಫಿ ತೋಟ ಇರುವ ಊರುಗಳಲ್ಲಿ ಎಕರೆ ಲೆಕ್ಕ ಹಾಕಿ ಹೆಣ್ಣು ನೋಡಲು ಬರುವವರನ್ನು ನಾವೆಲ್ಲ ಕಂಡವರೇ. ನಮ್ಮ ಮನೆಯ ಪಡಸಾಲೆಯಲ್ಲೇ ಕೂತು ಕಾಫಿ ಕುಡಿದು ಹೋಗಿದ್ದಾರೆ. ಹಾಗಾಗಿ ಇಂದಿರಾ ಒಲ್ಲೆ ಎಂದಾಗ ನಮ್ಮ ಹೆಂಗಸರಿಗೆ ಆದ ಸಮಾಧಾನ ಎಂಥದ್ದಿರಬೇಕು ಯೋಚಿಸಿ. ನನಗೆ ಸಿಕ್ಕಿರುವ 'ಬೆಳ್ಳಿಮೋಡ'ದ ಹಾಡಿನ ಪುಸ್ತಕದಲ್ಲಿ ಕಥಾಸಾರಾಂಶದ ಕೊನೆಯಲ್ಲಿ, ಮುಂದೇನು ಎಂದು ಕೇಳಿದ ಜಾಗದ ಕೆಳಗೆ, ಪೆನ್ಸಿಲಿನಲ್ಲಿ ಯಾರೋ ಬರೆದಿದ್ದಾರೆ: "ಬೇಡ ಅಂದಳು." ಎರಡೇ ಪದ. ಅಕ್ಷರ ಗುಂಡಗಿದೆ, ಶಾಲೆ ಹುಡುಗಿಯ ಅಕ್ಷರ.

ಇಂಥ ಗುರುತುಗಳಿಗಾಗಿಯೇ ನಾನು ಇವನ್ನು ಕೂಡಿಡುವುದು. ಬೇರೆ ಸಂಗ್ರಹಕಾರರಿಗೆ ಕಲೆ ಇಲ್ಲದ, ಮಡಿಕೆ ಇಲ್ಲದ ಪ್ರತಿ ಬೇಕು. ಹೆಸರು ಬರೆದಿದ್ದರೆ ಬೆಲೆ ಕಡಿಮೆ ಎನ್ನುತ್ತಾರೆ. ನನಗೆ ಉಲ್ಟಾ. ಹೆಸರು ಬರೆದ ಪ್ರತಿ ಸಿಕ್ಕರೆ ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಕೆಲವು ಗಾಂಧಿ ಬಜಾರ್ ಕಡೆಯ ಗುಜರಿಯಲ್ಲಿ ಸಿಕ್ಕಿವೆ. ಹಳೇ ಪೇಪರ್ ಕಟ್ಟಿನ ನಡುವೆ ಬಂದವು. ಗುಜರಿಯವರು ಈಗ ನನಗಾಗಿ ಎತ್ತಿಡುತ್ತಾರೆ. ಆದರೆ ಹೆಚ್ಚಿನವು ಬಂದದ್ದು ಅಂಗಡಿಗೆ ಬರುವ ಹೆಂಗಸರಿಂದಲೇ. ಸೊಸೆಯಂದಿರು ಅಟ್ಟ ಸ್ವಚ್ಛ ಮಾಡಲು ಹೊರಟಾಗ ಅತ್ತೆಯಂದಿರಿಗೆ ನನ್ನ ನೆನಪಾಗುತ್ತದೆ. ಸೀರೆಗೆ ಫಾಲ್ ಹೊಲಿಸುವ ನೆಪದಲ್ಲಿ, ಸೀರೆಯ ಮಡಿಕೆಯೊಳಗೆ ಇಟ್ಟುಕೊಂಡು ತರುತ್ತಾರೆ. ಕೊಡುವಾಗ ಒಂದೊಂದು ಪುಟ ತಿರುವಿ ನೋಡಿ ಆಮೇಲೆ ಕೊಡುತ್ತಾರೆ. ನಾನು ಅವರ ಹೆಸರು, ಊರು, ಎಲ್ಲಿ ಸಿನಿಮಾ ನೋಡಿದರು ಎಲ್ಲಾ ಕೇಳಿ ಲಕೋಟೆ ಮೇಲೆ ಬರೆದು ಒಳಗೆ ಹಾಕುತ್ತೇನೆ. ಪುಸ್ತಕದ ಮೇಲೆ ಬರೆಯುವುದಿಲ್ಲ, ಲಕೋಟೆ ಮೇಲೆ ಮಾತ್ರ.

ರೆಕಾರ್ಡುಗಳ ವಿಷಯದಲ್ಲಿ ಒಂದು ಆಕ್ಷೇಪ ಬರುತ್ತದೆ. "ಹಾಡಿದ್ದು ಎಸ್. ಜಾನಕಿ, ಕಲ್ಪನಾ ಅಲ್ಲವಲ್ಲ, ಇದನ್ನು ಯಾಕೆ ಇಟ್ಟಿದ್ದೀರಿ?" ಎಂದು. 1974ರ 'ಎರಡು ಕನಸು' ಸಿನಿಮಾದ "ಪೂಜಿಸಲೆಂದೇ ಹೂಗಳ ತಂದೆ" ಹಾಡನ್ನು ಕಣ್ಣು ಮುಚ್ಚಿ ಕೇಳಿ. ಜಾನಕಿಯಮ್ಮನ ಮುಖ ಬರುತ್ತದಾ ಕಲ್ಪನಾ ಮುಖ ಬರುತ್ತದಾ? ನನಗಂತೂ ಗಂಡನ ಒಲವು ಸಿಗದೆ ಕಾಯುವ ಆ ಗೌರಿಯೇ ಬರುತ್ತಾಳೆ. ರಾಜ್‌ಕುಮಾರ್ ಎದುರು ನಿಂತು ತನ್ನ ಜಾಗ ಬಿಟ್ಟುಕೊಡದ ನಟಿ ಅವರು. ಆ ಧ್ವನಿ ಇವರ ಮುಖಕ್ಕೆ ಕೂತುಬಿಟ್ಟಿದೆ, ಇನ್ನು ಬೇರೆ ಮಾಡಲು ಆಗುವುದಿಲ್ಲ.

ಇನ್ನು ಜೋಪಾನದ ಮಾತು. ಇದು ಮಲೆನಾಡು. ಆರಿದ್ರಾ ಮಳೆ ಹಿಡಿಯಿತೆಂದರೆ ಬೀರುವಿನೊಳಗಿನ ರೇಷ್ಮೆ ಸೀರೆಗೇ ಬೂಷ್ಟು ಬರುತ್ತದೆ, ಕಾಗದ ಯಾವ ಲೆಕ್ಕ? ಜೊತೆಗೆ ಒರಲೆ. ಚಿಕ್ಕಮ್ಮನ ಮನೆಯಲ್ಲಿ ಪುಸ್ತಕಗಳು ಉಳಿದದ್ದಕ್ಕೆ ಕಾರಣ ಅವು ಒಲೆಯ ಮೇಲಿನ ಅಟ್ಟದಲ್ಲಿ ಇದ್ದದ್ದು. ಹೊಗೆಗೆ ಹುಳ ಬರುತ್ತಿರಲಿಲ್ಲ, ತೇವವೂ ನಿಲ್ಲುತ್ತಿರಲಿಲ್ಲ. ಆದರೆ ಹೊಗೆಯಿಂದ ಕಾಗದ ಕಂದಿತು, ಒಣಗಿ ಮುರುಕಲಾಯಿತು. ಈಗಿನ ಮನೆಯಲ್ಲಿ ಹೊಗೆಯೂ ಇಲ್ಲ, ಅಟ್ಟವೂ ಇಲ್ಲ.

ನನ್ನ ಭಾವ ಭದ್ರಾವತಿಯ ಪೇಪರ್ ಮಿಲ್ಲಿನಲ್ಲಿ ಕೆಲಸ ಮಾಡಿದವರು. ಕಾಗದದ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅವರು ಹೇಳಿದ್ದು. ಮರವನ್ನು ಅರೆದು ಮಾಡಿದ ಅಗ್ಗದ ಕಾಗದದಲ್ಲಿ ಲಿಗ್ನಿನ್ ಎಂಬ ಅಂಶ ಹಾಗೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದರೆ ಅದು ಹಳದಿಯಾಗುತ್ತದೆ. ಕಾಗದದೊಳಗೇ ಹುಳಿ ಹುಟ್ಟಿ ಅದನ್ನು ತಿನ್ನುತ್ತದೆ. ನ್ಯೂಸ್‌ಪ್ರಿಂಟ್ ಬೇಗ ಹಾಳಾಗುವುದು ಅದಕ್ಕೇ. ಹಾಡಿನ ಪುಸ್ತಕದ್ದೂ ಹೆಚ್ಚುಕಮ್ಮಿ ಅದೇ ಜಾತಿಯ ಕಾಗದ. ಆದ ಹಳದಿಯನ್ನು ವಾಪಸ್ ಬಿಳಿ ಮಾಡಲು ಆಗುವುದಿಲ್ಲ, ನಿಧಾನ ಮಾಡಬಹುದು ಅಷ್ಟೇ. ಕತ್ತಲಲ್ಲಿಡಿ, ಒಣಗಿದ ಜಾಗದಲ್ಲಿಡಿ, ಒಂದರ ಮೇಲೊಂದು ಒತ್ತಬೇಡಿ ಎಂದರು. ಗಾಳಿಯ ತೇವ ಶೇಕಡಾ 65 ದಾಟಿದರೆ ಬೂಷ್ಟು ಶುರುವಾಗುತ್ತದೆ ಎಂದೂ ಅವರೇ ಹೇಳಿದ್ದು. ಅದಕ್ಕೇ ಟ್ರಂಕಿನೊಳಗೆ ಸಿಲಿಕಾ ಜೆಲ್ ಹಾಕಿದ ಬಟ್ಟೆ ಚೀಲಗಳಿವೆ. ನಾನೇ ಹೊಲಿದ ಮಲ್ ಬಟ್ಟೆಯ ಸಣ್ಣ ಚೀಲಗಳು. ನೀಲಿ ಕಾಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದು ತುಂಬಿದೆ ಎಂದರ್ಥ. ಸಣ್ಣ ಕಾವಿನಲ್ಲಿ ಒಣಗಿಸಿದರೆ ಮತ್ತೆ ನೀಲಿಯಾಗುತ್ತದೆ. ಜುಲೈ, ಆಗಸ್ಟಿನಲ್ಲಿ ಈ ಕೆಲಸ ಬಿಡುವಿಲ್ಲದೆ ನಡೆಯುತ್ತದೆ. ಮನೆಯಲ್ಲಿ ಒಗೆದ ಬಟ್ಟೆ ಒಣಗದಿದ್ದರೂ ಚಿಂತೆಯಿಲ್ಲ, ಕಲ್ಪನಾ ಟ್ರಂಕಿನ ಕಾಳು ಒಣಗಬೇಕು.

ದಯವಿಟ್ಟು ಒಂದು ಮಾತು ಕೇಳಿ. ಹರಿದ ಹಾಡಿನ ಪುಸ್ತಕಕ್ಕೆ ಸೆಲೋ ಟೇಪ್ ಹಚ್ಚಬೇಡಿ. ಕೆಲವು ವರ್ಷಕ್ಕೆ ಟೇಪ್ ಉದುರಿ ಹೋಗುತ್ತದೆ, ಅದರ ಅಂಟು ಮಾತ್ರ ಕಂದು ಕಲೆಯಾಗಿ ಕಾಗದದೊಳಗೆ ಇಳಿದಿರುತ್ತದೆ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಒಂದು ಸಲ ಬಿಸಿಯಲ್ಲಿ ಅಂಟಿಸಿದರೆ ಮುಗಿಯಿತು, ಬಿಡಿಸಲು ಬರುವುದಿಲ್ಲ. ಫೋಟೋಗೆ ಕಟ್ಟು ಹಾಕಿಸುವಾಗ ಗಾಜು ಫೋಟೋಗೆ ತಾಗದ ಹಾಗೆ ನಡುವೆ ರಟ್ಟಿನ ಚೌಕ ಇಡಿಸಿ. ನಮ್ಮ ಥಂಡಿಗೆ ಫೋಟೋ ಮೇಲಿನ ಜೆಲಟಿನ್ ಪದರ ಮೆತ್ತಗಾಗಿ ಗಾಜಿಗೆ ಅಂಟಿಕೊಳ್ಳುತ್ತದೆ. ಬಿಡಿಸಲು ಹೋದರೆ ಮುಖವೇ ಗಾಜಿನ ಜೊತೆ ಬರುತ್ತದೆ. ಅಂಗಡಿ ಗೋಡೆಯ ಮೇಲೆ ಇರುವುದು ಅದಕ್ಕೇ ಪ್ರತಿ, ಮೂಲ ಅಲ್ಲ.

ಮೂಲ ಯಾವುದು, ಈಗ ಹೊಸದಾಗಿ ಅಚ್ಚು ಹಾಕಿದ್ದು ಯಾವುದು ಎಂದು ತಿಳಿಯುವುದು ಕಷ್ಟವೇನಲ್ಲ. ಈಗ ಅಂತರ್ಜಾಲದಲ್ಲಿ ಹಳೇ ಪೋಸ್ಟರ್ ಎಂದು ಮಾರುವುದರಲ್ಲಿ ಎಷ್ಟೋ ಹೊಸವು. ಹಳೇ ಕರಪತ್ರವನ್ನು ಅಚ್ಚಿನ ಮೊಳೆ ಜೋಡಿಸಿ ಅಚ್ಚು ಹಾಕಿರುತ್ತಾರೆ. ಹಿಂದೆ ತಿರುಗಿಸಿ ಬೆರಳಾಡಿಸಿ ನೋಡಿ, ಅಕ್ಷರ ಒತ್ತಿದ ಉಬ್ಬು ಸಿಗುತ್ತದೆ. ನನ್ನ ಬೆರಳಿಗೆ ಅದು ಕತ್ತಲಲ್ಲೂ ಗೊತ್ತಾಗುತ್ತದೆ, ಹೊಲಿಗೆ ಹಾಕಿದ ಬಟ್ಟೆಯ ಹಿಂಭಾಗ ಮುಟ್ಟಿದ ಹಾಗೆ. ಹಳೇ ಕಪ್ಪುಬಿಳುಪು ಫೋಟೋವನ್ನು ಬೆಳಕಿಗೆ ಓರೆ ಮಾಡಿ ಹಿಡಿದರೆ ಕಪ್ಪು ಜಾಗಗಳ ಅಂಚಿನಲ್ಲಿ ನೀಲಿಗೆ ಹೊರಳುವ ಬೆಳ್ಳಿ ಹೊಳಪು ಕಾಣುತ್ತದೆ. ಫೋಟೋ ಕಾಗದದ ಬೆಳ್ಳಿಯೇ ಮೇಲಕ್ಕೆ ಬಂದಿರುವುದು ಅದು. ಹಾಳಾಗುತ್ತಿರುವ ಗುರುತೂ ಹೌದು, ಅಸಲಿ ಎಂಬ ಗುರುತೂ ಹೌದು.

ಇನ್ನು ನಾನು ಇಟ್ಟುಕೊಳ್ಳದ ಕಾಗದಗಳ ಬಗ್ಗೆ. 1979ರ ಮೇ 12ರಂದು ಕಲ್ಪನಾ ಸಂಕೇಶ್ವರದ ಹತ್ತಿರದ ಗೋಟೂರಿನಲ್ಲಿ ತೀರಿಕೊಂಡರು. ಆಗ ಆ ಕಡೆ ನಾಟಕಗಳಲ್ಲಿ ಅಭಿನಯಿಸುತ್ತಿದ್ದರು. ವಯಸ್ಸು 35. ನಾನು ಆಗ ಶಾಲೆಯಲ್ಲಿದ್ದೆ. ಆ ದಿನಗಳ ಪತ್ರಿಕೆ ತುಣುಕುಗಳು ಬೇಕಾದಷ್ಟು ಸಿಗುತ್ತವೆ. ಅವಕ್ಕೇ ಗಿರಾಕಿ ಜಾಸ್ತಿ, ಬೆಲೆಯೂ ಜಾಸ್ತಿ. ಒಬ್ಬರು ಅಂಥದ್ದೊಂದು ಕಟ್ಟು ತಂದು, ಅದಕ್ಕೆ ಬದಲಾಗಿ ನನ್ನ ಹತ್ತಿರ ಎರಡೆರಡು ಇರುವ ಸ್ಟಿಲ್ಲು ಕೇಳಿದರು. ನಾನು ಬೇಡ ಎಂದೆ. ಕಲ್ಪನಾ ಹೇಗೆ ಹೋದರು, ಯಾರಿಂದ ಹೋದರು ಎಂದು ಇಷ್ಟು ವರ್ಷವಾದ ಮೇಲೂ ಮೊಬೈಲಿನಲ್ಲಿ ವಿಡಿಯೋ ಮಾಡಿ ಹಾಕುವವರಿದ್ದಾರೆ. ಅದನ್ನು ನೋಡಿದವರು ಅವರ ಒಂದು ಸಿನಿಮಾವನ್ನೂ ಪೂರ್ತಿ ನೋಡಿರುವುದಿಲ್ಲ. ಹದಿನಾರು ವರ್ಷ ಕೆಲಸ ಮಾಡಿದ ಹೆಂಗಸು ಅವರು. ಮುಖಕ್ಕೆ ಬಣ್ಣ ಹಚ್ಚಿ, ಸುಡುವ ದೀಪದ ಕೆಳಗೆ ನಿಂತು, ಒಂದೇ ಮಾತನ್ನು ಸರಿಬರುವ ತನಕ ಹೇಳಿದವರು. 'ಗಂಧದ ಗುಡಿ'ಗಾಗಿ ಕಾಡಿಗೂ ಹೋದರು, ಸಿನಿಮಾ ಕಡಿಮೆಯಾದಾಗ ರಂಗದ ಮೇಲೂ ನಿಂತರು. ಆ ಕೆಲಸದ ಕಾಗದ ನನಗೆ ಬೇಕು. ಒಂದು ದಿನದ ಸುದ್ದಿಯ ಕಾಗದ ಬೇಡ. ಈ ವಿಷಯದಲ್ಲಿ ನನ್ನ ಜೊತೆ ವಾದಕ್ಕೆ ಬರುವವರು ಇದ್ದಾರೆ, ಅದೂ ಇತಿಹಾಸವೇ ಎನ್ನುತ್ತಾರೆ. ಇರಬಹುದು. ಅದನ್ನು ಅವರೇ ಇಟ್ಟುಕೊಳ್ಳಲಿ.

ಜುಲೈ 18 ಅವರ ಹುಟ್ಟಿದ ದಿನ. ಜಡಿಮಳೆಯ ಕಾಲ, ಟ್ರಂಕು ತೆಗೆಯುವ ಹಾಗಿಲ್ಲ. ಆ ದಿನ ನಾನು ಮಾಡುವುದು ಬೇರೆ. ಆ ಕಪ್ಪುಬಿಳುಪು ಫೋಟೋದ ಪ್ರತಿ ಎದುರಿಗಿಟ್ಟುಕೊಂಡು ಅದೇ ಕೈ ಇರುವ ಒಂದು ರವಿಕೆ ಹೊಲಿಯುತ್ತೇನೆ. ಕಂಕುಳು ಅದೇ ರೀತಿ ಏರಿಸಿ, ಬುಡದಲ್ಲಿ ಅದೇ ರೀತಿ ಬಟ್ಟೆ ಕೂಡಿಸಿ. ಯಾರಾದರೂ ಗಿರಾಕಿಯ ಅಳತೆಗೆ ಹೊಲಿದು, ಕೂಲಿ ತೆಗೆದುಕೊಳ್ಳದೆ ಕೊಡುತ್ತೇನೆ. ಕಳೆದ ಸಲ ಸಹ್ಯಾದ್ರಿ ಕಾಲೇಜಿನ ಹುಡುಗಿಯೊಬ್ಬಳಿಗೆ ಹೊಲಿದೆ, ನಾಟಕದಲ್ಲಿ ಪಾರ್ಟು ಮಾಡುವವಳು. ಹಾಕಿಕೊಂಡು ಎರಡೂ ಕೈ ಮೇಲೆತ್ತಿ ನೋಡಿದಳು. "ಆಂಟಿ, ಎಲ್ಲೂ ಹಿಡಿಯೋದೇ ಇಲ್ಲ!" ಎಂದಳು. ಆಮೇಲೆ ಯಾವ ಸಿನಿಮಾದಿಂದ ಶುರು ಮಾಡಬೇಕು ಎಂದು ಕೇಳಿದಳು. 'ಗೆಜ್ಜೆಪೂಜೆ' ನೋಡು ಎಂದೆ. ಅದರಲ್ಲಿ ಚಂದ್ರಾ ಓದಬೇಕೆಂದು ಆಸೆಪಡುವುದನ್ನು ನೋಡು, 'ಶರಪಂಜರ' ಆಮೇಲೆ ನೋಡು ಎಂದೆ.

ನನಗೆ ಈಗ ಬೇಕಾಗಿರುವುದು 'ಹಣ್ಣೆಲೆ ಚಿಗುರಿದಾಗ' ಸಿನಿಮಾದ ಹಾಡಿನ ಪುಸ್ತಕ. 1968ರದ್ದು. ಎಳೆ ವಯಸ್ಸಿನ ವಿಧವೆಯ ಪಾತ್ರ ಅವರದು. ತ್ರಿವೇಣಿಯವರ ಮೂರರಲ್ಲಿ ಇದೊಂದರದ್ದು ನನ್ನ ಹತ್ತಿರ ಇಲ್ಲ. ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ ಕಡೆಯ ಹಳೇ ಮನೆಗಳಲ್ಲಿ, ಅಟ್ಟದ ಮೇಲೆ, ಅಜ್ಜಿಯರ ಪೆಟ್ಟಿಗೆಯಲ್ಲಿ ಇದ್ದೇ ಇರುತ್ತದೆ ಎಂಬ ನಂಬಿಕೆ ನನಗಿದೆ. ಹರಿದಿದ್ದರೂ ಸರಿ, ಮುಖಪುಟ ಇಲ್ಲದಿದ್ದರೂ ಸರಿ. ಕೊಡಲೇಬೇಕು ಎಂದಿಲ್ಲ, ನೋಡಲು ಬಿಟ್ಟರೆ ಸಾಕು. ಅಜ್ಜಿ ಇದ್ದರೆ ಅವರ ಹತ್ತಿರ ಕೂತು ಮಾತಾಡಲು ಸ್ವಲ್ಪ ಹೊತ್ತು ಕೊಡಿ. ಈ ಮಳೆಯಲ್ಲಿ ಮಾತ್ರ ಪುಸ್ತಕ ಹೊರಗೆ ತೆಗೆಯಬೇಡಿ. ದೀಪಾವಳಿ ಕಳೆದು ಬಿಸಿಲು ಬರಲಿ, ನಾನೇ ಬರುತ್ತೇನೆ.